ಅಜ್ಜಿ ಹೋಗಿ ಮೂರು ತಿಂಗಳಾಗುತ್ತಾ ಬಂತು, ದುಃಖ ಇಳಿಯುತ್ತಿಲ್ಲ. ಇದು ಅತಿಯಾಯಿತೇ?

ಪ್ರಶ್ನೆ: ಇನ್ನಂಜೆಯ ಮೊಮ್ಮಗಳು

ಎಲ್ಲರಿಗೂ ನಮಸ್ಕಾರ. ನಾನು ಉಡುಪಿ ಜಿಲ್ಲೆಯ ಇನ್ನಂಜೆಯ ಕಡೆಯವಳು, ಎಂಟು ವರ್ಷಗಳಿಂದ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ಕಳೆದ ಏಪ್ರಿಲ್ ತಿಂಗಳಲ್ಲಿ ನನ್ನ ಅಜ್ಜಿ, ಅಂದರೆ ಅಮ್ಮನ ಅಮ್ಮ, ತಮ್ಮ 86ನೆಯ ವಯಸ್ಸಿನಲ್ಲಿ ಮನೆಯಲ್ಲಿಯೇ ನಿದ್ದೆಯಲ್ಲಿ ತೀರಿಕೊಂಡರು. ಸುದ್ದಿ ಬಂದದ್ದು ಬೆಳಗಿನ ಜಾವ. ಸಿಕ್ಕಿದ ಬಸ್ಸು ಹತ್ತಿ ಘಟ್ಟ ಇಳಿದು ಮನೆ ಮುಟ್ಟುವಾಗ ಸಂಜೆಯಾಗುತ್ತಾ ಬಂದಿತ್ತು. ನನಗಾಗಿ ಎಲ್ಲರೂ ಕಾದಿದ್ದರು, ಹಾಗಾಗಿ ಬಾಯಿಗೆ ತುಳಸಿ ನೀರು ಬಿಡುವಷ್ಟು ಅವಕಾಶವಾದರೂ ಸಿಕ್ಕಿತು.

ಅಪ್ಪ ಮುಂಬಯಿಯಲ್ಲಿ ಹೋಟೆಲ್ ಕೆಲಸದಲ್ಲಿದ್ದರು, ಅಮ್ಮ ಅವರ ಜೊತೆಗಿದ್ದರು. ಮೂರು ವರ್ಷದವಳಿದ್ದಾಗ ನನ್ನನ್ನು ಅಜ್ಜಿಯ ಮನೆಯಲ್ಲಿ ಬಿಟ್ಟವರು ಮತ್ತೆ ಕರೆದುಕೊಂಡು ಹೋಗುವ ಪ್ರಸಂಗವೇ ಬರಲಿಲ್ಲ. ಹಾಗಾಗಿ ನನಗೆ ಅಜ್ಜಿ ಎಂದರೆ ರಜೆಯಲ್ಲಿ ನೋಡಿ ಬರುವ ಹಿರಿಯರಾಗಿರಲಿಲ್ಲ. ಜ್ವರ ಬಂದಾಗ ಹಣೆಗೆ ಒದ್ದೆ ಬಟ್ಟೆ ಇಟ್ಟವರು, ಶಾಲೆಯ ಅಂಕಪಟ್ಟಿಗೆ ಹೆಬ್ಬೆಟ್ಟು ಒತ್ತಿದವರು, ನಾನು ದೊಡ್ಡವಳಾದಾಗ ಮೊದಲು ತಿಳಿದವರು ಅವರೇ. ಅಂಗಳದ ಬಲಬದಿಯಲ್ಲಿ ಅವರು ಬೆಳೆಸಿದ ಅರವತ್ತು ಚಿಲ್ಲರೆ ಮಲ್ಲಿಗೆಯ ಗಿಡಗಳಿವೆ. ಬೆಳಕು ಹರಿಯುವ ಮೊದಲೇ ಮೊಗ್ಗು ಕೊಯ್ದು, ಜಗಲಿಯಲ್ಲಿ ಕಾಲು ಚಾಚಿ ಕುಳಿತು, ನೀರಿನಲ್ಲಿ ನೆನೆಸಿಟ್ಟ ಬಾಳೆನಾರಿನಿಂದ ಕಟ್ಟಿ, ಹೊತ್ತು ಏರುವುದರೊಳಗೆ ಶಂಕರಪುರದ ಹೂವಿನ ಕಟ್ಟೆಗೆ ತಲುಪಿಸುತ್ತಿದ್ದರು. 800 ಮೊಗ್ಗು ಸೇರಿದರೆ ಒಂದು ಚೆಂಡು, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ನಾನು ನೂರರ ಮೇಲಿನ ಎಣಿಕೆ ಕಲಿತದ್ದು ಆ ಮೊಗ್ಗುಗಳನ್ನು ಎಣಿಸಿ. ನನ್ನ ಕಾಲೇಜಿನ ಶುಲ್ಕವೂ ಅದರಿಂದಲೇ ಬಂತು.

ಏಪ್ರಿಲ್ ಎಂದರೆ ಮಲ್ಲಿಗೆಗೆ ಸುಗ್ಗಿ. ಸೂತಕದ ದಿನಗಳಲ್ಲಿ ನಮ್ಮ ಮನೆಯ ಹೂವು ದೇವರಿಗೆ ಸಲ್ಲದು ಎಂದು ಯಾರೂ ಕೊಯ್ಯಲಿಲ್ಲ. ಮೊಗ್ಗುಗಳೆಲ್ಲ ಗಿಡದಲ್ಲಿಯೇ ಅರಳಿ, ಮರುದಿನ ಕಂದು ಬಣ್ಣಕ್ಕೆ ತಿರುಗಿ ಮಣ್ಣಿಗೆ ಉದುರುತ್ತಿದ್ದವು. ಆ ಮನೆಯಲ್ಲಿ ನಾನು ಬೆಳೆದ ಇಷ್ಟು ವರ್ಷಗಳಲ್ಲಿ ಗಿಡದ ಮೇಲೆ ಅಷ್ಟೊಂದು ಅರಳಿದ ಹೂವನ್ನು ನೋಡಿರಲೇ ಇಲ್ಲ, ಏಕೆಂದರೆ ಅಜ್ಜಿ ಒಂದನ್ನೂ ಅರಳಲು ಬಿಡುತ್ತಿರಲಿಲ್ಲ. ರಾತ್ರಿ ಅಂಗಳಕ್ಕೆ ಇಳಿದರೆ ಉಸಿರು ಕಟ್ಟುವಷ್ಟು ಪರಿಮಳ. ಬಂದವರು ‘ಎಷ್ಟು ಚೆಂದದ ವಾಸನೆ’ ಎನ್ನುತ್ತಿದ್ದರು, ನನಗೆ ಮಾತ್ರ ಅದರಷ್ಟು ಸಂಕಟದ ವಾಸನೆ ಮತ್ತೊಂದಿರಲಿಲ್ಲ.

ನನ್ನನ್ನು ಕಾಡುತ್ತಿರುವುದು ಇಷ್ಟು. ಉತ್ತರಕ್ರಿಯೆಗೆ ಬಂದವರೆಲ್ಲ ಹೇಳಿದ್ದು ಒಂದೇ ಮಾತು: ‘ತುಂಬು ಜೀವನ, ಯಾರಿಗೂ ಭಾರವಾಗದೆ ಹೋದರು, ಪುಣ್ಯವಂತೆ.’ ನಿಜವೇ ಇರಬಹುದು. ಆದರೆ ಆ ಮಾತು ಕೇಳಿದಾಗಲೆಲ್ಲ, ಇನ್ನು ಅಳಬಾರದು ಎಂದು ಹೇಳಿದಂತೆ ನನಗೆ ಕೇಳಿಸುತ್ತದೆ. ಕಚೇರಿಯಲ್ಲಿ ತಂದೆ, ತಾಯಿ, ಗಂಡ, ಮಕ್ಕಳು ತೀರಿಕೊಂಡರೆ ಮಾತ್ರ ವಿಶೇಷ ರಜೆ. ‘ಅಜ್ಜಿ ಅಲ್ಲವೇ’ ಎಂದು ಕೇಳಿ, ನನ್ನ ಲೆಕ್ಕದಲ್ಲಿದ್ದ ರಜೆಯನ್ನೇ ಕಳೆದರು. ಅಮ್ಮನ ಎದುರು ಅಳಲು ಸಂಕೋಚವಾಗುತ್ತದೆ, ಏಕೆಂದರೆ ಕಳೆದುಕೊಂಡದ್ದು ಅವರ ತಾಯಿಯನ್ನು. ನಸುಕಿನ ನಾಲ್ಕೂವರೆಗೆ, ಅಜ್ಜಿ ಏಳುತ್ತಿದ್ದ ಹೊತ್ತಿಗೆ, ಪ್ರತಿದಿನ ಎಚ್ಚರವಾಗುತ್ತದೆ. ರಾತ್ರಿ ಎಂಟೂವರೆಗೆ ಅವರು ಕರೆ ಮಾಡಿ ‘ವನಸ್ ಆಂಡಾ ಮಗಾ?’ ಎಂದು ಊಟ ವಿಚಾರಿಸುತ್ತಿದ್ದರು; ಈಗ ಆ ಹೊತ್ತಿಗೆ ಯಾರ ಫೋನು ಸದ್ದು ಮಾಡಿದರೂ ಎದೆ ಹಿಂಡಿದಂತಾಗುತ್ತದೆ.

ಮೂವತ್ತು ದಾಟಿದವಳು ಅಜ್ಜಿಗಾಗಿ ಇಷ್ಟು ದಿನ ಅಳುವುದು ಅತಿಯೇ? ಇದು ತಾನಾಗಿ ಇಳಿಯುತ್ತದೆಯೇ ಅಥವಾ ಯಾರನ್ನಾದರೂ ಕಾಣಬೇಕೇ? ಇನ್ನೊಂದು ವಿಷಯವೂ ಇದೆ. ಕೊಯ್ಯುವವರಿಲ್ಲವೆಂದು ಸೋದರಮಾವ ಮಳೆಗಾಲ ಕಳೆದ ಮೇಲೆ ಗಿಡಗಳನ್ನು ತೆಗೆಸುವ ಮಾತಾಡುತ್ತಿದ್ದಾರೆ. ಮನೆಯನ್ನು ನೋಡಿಕೊಳ್ಳುತ್ತಿರುವವರು ಅವರು, ದೂರದಲ್ಲಿರುವ ನಾನು ಬೇಡವೆನ್ನುವುದು ಸರಿಯೇ ಎಂಬುದೂ ತಿಳಿಯುತ್ತಿಲ್ಲ. ಅಜ್ಜ ಅಜ್ಜಿಯನ್ನು ಕಳೆದುಕೊಂಡವರು ದಯವಿಟ್ಟು ತಿಳಿಸಿ.

ಉತ್ತರ: ಬ್ರಹ್ಮಾವರದ ನಿವೃತ್ತ ಮೇಷ್ಟ್ರು

ಮಗೂ, ನಿನ್ನ ಬರಹವನ್ನು ಎರಡು ಸಲ ಓದಿದೆ. ನಾನೂ ಈಗ ಇಬ್ಬರು ಮೊಮ್ಮಕ್ಕಳ ಅಜ್ಜ, ಆ ಸಲುಗೆಯಿಂದ ಏಕವಚನದಲ್ಲಿ ಬರೆಯುತ್ತಿದ್ದೇನೆ.

‘ತುಂಬು ಜೀವನ’ ಎನ್ನುವುದು ಹೋದವರನ್ನು ಕುರಿತ ಮಾತು. ಅವರ ಬದುಕು ಅರ್ಧಕ್ಕೆ ತುಂಡಾಗಲಿಲ್ಲ ಎಂಬ ಸಮಾಧಾನವಷ್ಟೇ ಅದರಲ್ಲಿದೆ. ಉಳಿದವರ ದುಃಖವನ್ನು ಅಳೆಯುವುದಕ್ಕೆ ಅದನ್ನು ಸೇರಾಗಿ ಬಳಸಿದವರದೇ ತಪ್ಪು. ನಿನ್ನ ಅಜ್ಜಿ 86 ವರ್ಷ ಬಾಳಿದರು ಎಂದರೆ, ನೀನು ಹುಟ್ಟಿದಂದಿನಿಂದ ಅವರಿಲ್ಲದ ಒಂದು ದಿನವನ್ನೂ ನೀನು ಕಂಡಿರಲಿಲ್ಲ ಎಂದೂ ಆಯಿತಲ್ಲ. ಅಷ್ಟು ಕಾಲ ಇದ್ದವರು ಇಲ್ಲವಾದಾಗ ಮೂರು ತಿಂಗಳಲ್ಲಿ ಮನಸ್ಸು ಹೊಂದಿಕೊಳ್ಳದಿದ್ದರೆ ಅದರಲ್ಲಿ ಅತಿಯೇನೂ ಇಲ್ಲ.

ನಮ್ಮ ಮನೆಯ ಪದ್ಧತಿ ನಿಮ್ಮದಕ್ಕಿಂತ ಬೇರೆ, ಆದರೂ ಹೇಳುತ್ತೇನೆ. ನಮ್ಮಲ್ಲಿ ಹನ್ನೆರಡನೆಯ ದಿನ ಸಪಿಂಡೀಕರಣ ಮಾಡಿ, ಹೋದವರ ಪಿಂಡವನ್ನು ಅವರ ಹಿಂದಿನ ಮೂರು ತಲೆಮಾರಿನವರ ಪಿಂಡಗಳೊಡನೆ ಸೇರಿಸುತ್ತೇವೆ. ಆಮೇಲೆ ಶ್ರಾದ್ಧದಲ್ಲಿ ತಂದೆ ವಸುವಿನ ರೂಪದಲ್ಲಿ, ಅಜ್ಜ ರುದ್ರನ ರೂಪದಲ್ಲಿ, ಮುತ್ತಜ್ಜ ಆದಿತ್ಯನ ರೂಪದಲ್ಲಿ ಬಂದು ಸ್ವೀಕರಿಸುತ್ತಾರೆ ಎಂಬ ಭಾವನೆ. ಮಹಾಲಯದಲ್ಲಿ ಅಮ್ಮನ ತಂದೆ ತಾಯಿಯರನ್ನೂ ಹೆಸರು ಹಿಡಿದು ಕರೆಯುತ್ತೇವೆ. ಅಜ್ಜ ಅಜ್ಜಿಯರ ಸಂಬಂಧ ಅಷ್ಟೊಂದು ಸಣ್ಣದಾಗಿದ್ದಿದ್ದರೆ ಹಿರಿಯರು ಅದಕ್ಕೆ ಪ್ರತ್ಯೇಕ ಸ್ಥಾನ ಇಡುತ್ತಿರಲಿಲ್ಲ. ನಿಮ್ಮದು ಅಳಿಯಕಟ್ಟಿನ, ಅಂದರೆ ತಾಯಿಯ ಕಡೆಯಿಂದ ವಂಶ ಎಣಿಸುವ ಮನೆಯಾಗಿದ್ದರೆ ಮಗಳ ಮಕ್ಕಳು ಆ ಕುಟುಂಬದವರೇ. ನಿನ್ನ ‘ಬಳಿ’, ಅಂದರೆ ಕುಲದ ಹೆಸರು, ಬಂದದ್ದೇ ಅಜ್ಜಿಯಿಂದ, ಅಮ್ಮನ ಮೂಲಕ. ಕಚೇರಿಯ ರಜೆಯ ಪಟ್ಟಿಯಲ್ಲಿ ಅಜ್ಜಿಗೆ ಜಾಗವಿಲ್ಲ ಎಂದರೆ ಅದು ಪಟ್ಟಿ ಬರೆದವರ ಲೆಕ್ಕ.

ಅವಧಿಯ ವಿಷಯವೂ ಹಾಗೆಯೇ. ತಿಂಗಳು ತಿಂಗಳು ಮಾಸಿಕ, ವರ್ಷ ತುಂಬಿದಾಗ ವರ್ಷಾಂತಿಕ, ಅಲ್ಲಿಯವರೆಗೆ ಮನೆಯಲ್ಲಿ ಹಬ್ಬದ ಗೌಜಿಯಿಲ್ಲ. ದುಃಖಕ್ಕೆ ಕಡಿಮೆಯೆಂದರೆ ಒಂದು ವರ್ಷ ಬೇಕು ಎಂದು ತಿಳಿದೇ ಈ ಏರ್ಪಾಡು ಮಾಡಿದ್ದಾರೆ ಎಂದು ನಾನು ನಂಬಿದ್ದೇನೆ. ನೀನಿನ್ನೂ ಮೂರನೆಯ ತಿಂಗಳಿನಲ್ಲಿದ್ದೀಯೆ.

1968ರಲ್ಲಿ ನನ್ನ ಅಜ್ಜ ತೀರಿಕೊಂಡಾಗ ನನಗೆ ಹತ್ತು ವರ್ಷ. ಮಂದಾರ್ತಿ ಮೇಳದ ಯಕ್ಷಗಾನ ಬಯಲಾಟ ಎಲ್ಲೇ ಇದ್ದರೂ ಅಜ್ಜ ಚಾಪೆ ಸುತ್ತಿಕೊಂಡು ನನ್ನನ್ನು ಕರೆದೊಯ್ಯುತ್ತಿದ್ದರು. ನಾನು ಅವರ ತೊಡೆಯ ಮೇಲೆ ನಿದ್ದೆ ಹೋಗುತ್ತಿದ್ದೆ. ಬಣ್ಣದ ವೇಷ ಬರುವ ಹೊತ್ತಿಗೆ ನನ್ನ ಕಿವಿಯ ಹಾಲೆಯನ್ನು ಮೆಲ್ಲಗೆ ಹಿಂಡಿ ಎಬ್ಬಿಸುತ್ತಿದ್ದರು. ಅವರು ಹೋದ ಮೇಲೆ ‘ಮಕ್ಕಳು ಅಳಬಾರದು’ ಎಂದು ನನ್ನನ್ನು ನೆರೆಮನೆಯಲ್ಲಿ ಕೂರಿಸಿದರು. ಆಮೇಲೆ ಮೇಳದ ಎರಡು ತಿರುಗಾಟ, ಅಂದರೆ ಎರಡು ವರ್ಷದ ಆಟಗಳು, ಕಳೆಯುವವರೆಗೆ ದೂರದಲ್ಲಿ ಚೆಂಡೆ ಕೇಳಿಸಿದರೆ ನಾನು ಕಂಬಳಿ ಎಳೆದು ಕಿವಿ ಮುಚ್ಚಿಕೊಳ್ಳುತ್ತಿದ್ದೆ, ಯಾಕೆಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಈಗಲೂ ಅನ್ನಿಸುತ್ತದೆ. ಆದ್ದರಿಂದ ಅಮ್ಮನ ಎದುರು ಅಳಲು ಸಂಕೋಚ ಪಡಬೇಡ. ಅವರಿಗೂ ಜೊತೆಗೆ ಅಳುವವರು ಬೇಕಾಗಿರಬಹುದು.

ಉತ್ತರ: ಮಂಗಳೂರಿನ ಆಪ್ತಸಮಾಲೋಚಕಿ

ನಾನು ಮಂಗಳೂರಿನಲ್ಲಿ ಆಪ್ತಸಮಾಲೋಚನೆಯ ಕೆಲಸ ಮಾಡುತ್ತೇನೆ. ನಿಮ್ಮಂಥವರು ಬಂದು ಕುಳಿತು ಮೊದಲು ಹೇಳುವ ಮಾತು ಬಹುತೇಕ ಇದೇ: ‘ಅಜ್ಜಿಗೆ ವಯಸ್ಸಾಗಿತ್ತು, ಆದರೂ...’ ಆ ‘ಆದರೂ’ ಎಂಬುದರ ಹಿಂದೆ ನಾಚಿಕೆ ಇರುತ್ತದೆ. ಸಮಾಜ ಒಪ್ಪಿಕೊಳ್ಳದ, ಬಹಿರಂಗವಾಗಿ ತೋರಿಸಲು ಅನುಮತಿ ಕೊಡದ ಇಂಥ ದುಃಖವನ್ನು ಅಮೆರಿಕದ ವಿದ್ವಾಂಸ ಕೆನೆತ್ ಡೋಕಾ ಅವರು 1989ರಲ್ಲಿಯೇ ಪ್ರತ್ಯೇಕವಾಗಿ ಗುರುತಿಸಿ ವಿವರಿಸಿದ್ದಾರೆ. ಅದನ್ನು ಹಕ್ಕು ಕಸಿಯಲ್ಪಟ್ಟ ದುಃಖ ಎನ್ನಬಹುದು. ಇಲ್ಲಿ ಹೊರೆ ಎರಡಾಗುತ್ತದೆ: ಅಗಲಿಕೆಯ ನೋವು ಒಂದು, ಆ ನೋವನ್ನು ಅಡಗಿಸಿಡುವ ಶ್ರಮ ಇನ್ನೊಂದು. ನಿಮ್ಮ ಆಯಾಸದ ಅರ್ಧ ಪಾಲು ಈ ಎರಡನೆಯದರಿಂದ ಬರುತ್ತಿದೆ ಎಂದು ನನಗೆ ತೋರುತ್ತದೆ. ಅದರಲ್ಲಿಯೂ ನಿಮ್ಮನ್ನು ಸಾಕಿದವರೇ ಅಜ್ಜಿ. ಸಂಬಂಧದ ಹೆಸರು ಅಜ್ಜಿ ಎಂದಿದ್ದರೂ ನೀವು ಕಳೆದುಕೊಂಡದ್ದು ತಾಯಿಯ ಸ್ಥಾನದಲ್ಲಿದ್ದವರನ್ನು.

ದುಃಖಕ್ಕೆ ಐದು ಹಂತಗಳಿವೆ, ಒಂದಾದ ಮೇಲೆ ಒಂದರಂತೆ ದಾಟಿ ಹೋಗಬೇಕು ಎಂದು ನೀವು ಎಲ್ಲಿಯಾದರೂ ಓದಿರಬಹುದು. ಎಲಿಸಬೆತ್ ಕುಬ್ಲರ್-ರಾಸ್ ಎಂಬ ವೈದ್ಯೆ 1969ರಲ್ಲಿ ಆ ಹಂತಗಳನ್ನು ವಿವರಿಸಿದ್ದು ಸಾವನ್ನು ಎದುರುನೋಡುತ್ತಿದ್ದ ರೋಗಿಗಳೊಡನೆ ಮಾತನಾಡಿ. ಉಳಿದವರ ದುಃಖಕ್ಕೆ ಅದನ್ನು ಮೆಟ್ಟಿಲುಗಳಂತೆ ಹೊಂದಿಸಿದ್ದು ಆಮೇಲಿನ ಬಳಕೆ, ಮತ್ತು ನಾನು ಕಂಡಂತೆ ಅದರಿಂದ ಜನರಿಗೆ ತೊಂದರೆಯೇ ಹೆಚ್ಚು. ‘ನಾನು ಯಾವ ಹಂತದಲ್ಲಿ ಸಿಕ್ಕಿಕೊಂಡಿದ್ದೇನೆ’ ಎಂಬ ಹೊಸ ಚಿಂತೆಯೊಂದು ಸೇರಿಕೊಳ್ಳುತ್ತದೆ. ನನಗೆ ಹೆಚ್ಚು ನಿಜವೆನಿಸುವುದು ನೆದರ್ಲೆಂಡ್ಸ್‌ನ ಮಾರ್ಗರೆಟ್ ಸ್ಟ್ರೋಬ ಮತ್ತು ಹೆಂಕ್ ಸ್ಕುಟ್ ಅವರು 1999ರಲ್ಲಿ ಮುಂದಿಟ್ಟ ವಿವರಣೆ. ಅವರ ಪ್ರಕಾರ ದುಃಖದಲ್ಲಿರುವವರು ಒಮ್ಮೆ ಅಗಲಿಕೆಯ ಕಡೆಗೆ ಹೋಗುತ್ತಾರೆ, ಅಳುತ್ತಾರೆ, ಫೋಟೋ ನೋಡುತ್ತಾರೆ. ಮತ್ತೊಮ್ಮೆ ದಿನದ ಕೆಲಸದ ಕಡೆಗೆ ತಿರುಗಿ ಅಡುಗೆ, ಕಚೇರಿ, ಬಾಡಿಗೆ ಎಂದು ಓಡಾಡುತ್ತಾರೆ. ಈ ಹೋಗಿ ಬರುವಿಕೆಯೇ ಸಹಜ. ಒಂದೇ ಕಡೆ ನಿಂತುಬಿಟ್ಟಾಗ, ಅಂದರೆ ಪೂರ್ತಿ ಮುಳುಗಿದಾಗ ಅಥವಾ ಒಮ್ಮೆಯೂ ಅತ್ತ ತಿರುಗದೆ ಓಡುತ್ತಲೇ ಇದ್ದಾಗ, ಕಷ್ಟ ಶುರುವಾಗುತ್ತದೆ. ನೀವು ಕೆಲಸಕ್ಕೆ ಹೋಗುತ್ತಿದ್ದೀರಿ, ನಸುಕಿನಲ್ಲಿ ಅಜ್ಜಿಗಾಗಿ ಅಳುತ್ತಲೂ ಇದ್ದೀರಿ. ಎರಡೂ ನಡೆಯುತ್ತಿವೆ.

ಯಾರನ್ನಾದರೂ ಕಾಣಬೇಕೇ ಎಂದು ಕೇಳಿದ್ದೀರಿ. 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣದಲ್ಲಿ ದೀರ್ಘಕಾಲದ ದುಃಖ ಎಂಬ ಸ್ಥಿತಿಯೂ ಸೇರಿದೆ. ಅಗಲಿಕೆಯಾಗಿ ಕನಿಷ್ಠ 6 ತಿಂಗಳು ಕಳೆದ ಮೇಲೂ ದಿನನಿತ್ಯದ ಬದುಕನ್ನೇ ನಿಲ್ಲಿಸುವಷ್ಟು ತೀವ್ರವಾಗಿ ಅದು ಉಳಿದಿದ್ದರೆ, ಮತ್ತು ಆಯಾ ಸಮಾಜದ ರೂಢಿಯನ್ನು ಮೀರಿದ್ದರೆ ಮಾತ್ರ ಆ ಹೆಸರು ಕೊಡುತ್ತಾರೆ. ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ವಯಸ್ಕರಿಗೆ ಈ ಅವಧಿ 12 ತಿಂಗಳು. ನೀವು ಅದರ ಹತ್ತಿರದಲ್ಲಿಯೂ ಇಲ್ಲ. ಆದರೆ ಊಟ ಸೇರುವುದೇ ನಿಂತರೆ, ನಿದ್ದೆ ವಾರಗಟ್ಟಲೆ ಕೆಟ್ಟರೆ, ಅಜ್ಜಿಯ ಹಿಂದೆಯೇ ಹೋಗಿಬಿಡೋಣ ಎಂಬ ಯೋಚನೆ ಒಮ್ಮೆ ಸುಳಿದರೂ, ತಿಂಗಳು ಎಣಿಸುತ್ತಾ ಕೂರಬೇಡಿ, ಅಂದೇ ಮಾತನಾಡಿ. 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್ ಸಹಾಯವಾಣಿ ಸಿಗುತ್ತದೆ. ಕನ್ನಡದಲ್ಲಿಯೇ ಮಾತನಾಡಬಹುದು, ಹಗಲು ರಾತ್ರಿ ಉಚಿತ. ಕಷ್ಟ ಮಿತಿ ಮೀರಿದಾಗ ಮಾತ್ರ ಕರೆ ಮಾಡಬೇಕು ಎಂದೇನೂ ಇಲ್ಲ.

ಇನ್ನೊಂದು ಮಾತು. ರಾತ್ರಿ ಎಂಟೂವರೆಯ ಕರೆಯ ವಿಷಯವನ್ನು ನೀವು ಒಂದೇ ವಾಕ್ಯದಲ್ಲಿ ಮುಗಿಸಿದ್ದೀರಿ. ಅಲ್ಲಿ ಇನ್ನೂ ಏನೋ ಉಳಿದಿದೆ ಎಂದು ನನಗೆ ಅನ್ನಿಸಿತು. ಹೇಳಬೇಕೆನಿಸಿದರೆ ಮಾತ್ರ ಹೇಳಿ.

ಇನ್ನಂಜೆಯ ಮೊಮ್ಮಗಳು

ಮೇಷ್ಟ್ರೇ, ಮೇಡಂ, ಇಬ್ಬರಿಗೂ ಕೃತಜ್ಞತೆಗಳು. ನಿಮ್ಮ ಊಹೆ ನಿಜ.

ತೀರಿಕೊಳ್ಳುವ ಹಿಂದಿನ ರಾತ್ರಿಯೂ ಅಜ್ಜಿ ಎಂಟೂವರೆಗೆ ಕರೆ ಮಾಡಿದ್ದರು. ಅಂದು ಕಚೇರಿಯ ಸಭೆ ತಡವಾಗಿ ನಡೆಯುತ್ತಿತ್ತು. ನಾನು ಕರೆಯನ್ನು ಕಟ್ ಮಾಡಿ, ‘ಆಮೇಲೆ ಮಾಡುತ್ತೇನೆ’ ಎಂಬ ಸಂದೇಶ ಕಳುಹಿಸಿದೆ. ಅಜ್ಜಿಗೆ ಓದಲು ಬರುತ್ತಿರಲಿಲ್ಲ. ಸಭೆ ಮುಗಿಯುವಾಗ ಹತ್ತು ಗಂಟೆ ದಾಟಿತ್ತು. ಮಲಗಿರುತ್ತಾರೆ, ನಾಳೆ ಮಾಡಿದರಾಯಿತು ಎಂದುಕೊಂಡೆ. ಈ ಮೂರು ತಿಂಗಳಲ್ಲಿ ಇದನ್ನು ಅಮ್ಮನಿಗೂ ಹೇಳಿಲ್ಲ.

ಉತ್ತರ: ದುಬೈಯಲ್ಲಿರುವ ಕಿನ್ನಿಗೋಳಿಯವನು

ಅಕ್ಕಾ, ಇದನ್ನು ಓದಿದ ಮೇಲೆ ಬರೆಯದೆ ಇರಲಾಗಲಿಲ್ಲ. ನಾವು ಕೊಂಕಣಿ ಮಾತನಾಡುವ ಕ್ರೈಸ್ತರು, ಅಜ್ಜನನ್ನು ಶಾಪಾಯ್ ಎನ್ನುತ್ತೇವೆ. ನನ್ನ ಶಾಪಾಯ್ ತೀರಿಕೊಂಡದ್ದು 2020ರ ಏಪ್ರಿಲ್ ಕೊನೆಯಲ್ಲಿ. ಮಾರ್ಚ್ ತಿಂಗಳಿನಲ್ಲಿಯೇ ವಿಮಾನಗಳು ನಿಂತಿದ್ದವು. ದುಬೈಯಿಂದ ಮಂಗಳೂರಿಗೆ ಮೊದಲ ವಿಶೇಷ ವಿಮಾನ ಹೊರಟದ್ದು ಮೇ 12ರಂದು, ಅದರಲ್ಲಿಯೂ ಗರ್ಭಿಣಿಯರಿಗೆ, ವೃದ್ಧರಿಗೆ, ರೋಗಿಗಳಿಗೆ ಆದ್ಯತೆ, ಅದು ನ್ಯಾಯವೂ ಹೌದು. ಅಂತ್ಯಕ್ರಿಯೆಗೆ 20ಕ್ಕಿಂತ ಹೆಚ್ಚು ಜನ ಸೇರುವಂತಿರಲಿಲ್ಲ. ನಾನು ಕೆಲಸಗಾರರ ಕ್ಯಾಂಪಿನ ಕೋಣೆಯ ಬಂಕಿನ ಮೇಲೆ ಕುಳಿತು ಫೋನಿನ ಪರದೆಯಲ್ಲಿ ಎಲ್ಲವನ್ನೂ ನೋಡಿದೆ. ಮಣ್ಣು ಹಾಕುವ ಹೊತ್ತಿಗೆ ಸರಿಯಾಗಿ ಸಂಪರ್ಕ ಕಡಿದುಹೋಯಿತು. ಮತ್ತೆ ಸಿಕ್ಕಿದಾಗ ತಮ್ಮ ಗೇಟಿನ ಹೊರಗೆ ಕೈ ತೊಳೆಯುತ್ತಿದ್ದ.

ಶಾಪಾಯ್ ಹಂಚಿನ ಕಾರ್ಖಾನೆಯಲ್ಲಿ ದುಡಿದವರು. ಹಂಚನ್ನು ಎಡಗೈಯಲ್ಲಿ ಎತ್ತಿ ಹಿಡಿದು ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟಿ, ಸದ್ದು ಕೇಳಿಯೇ ಸರಿಯಾಗಿ ಬೆಂದಿದೆಯೋ ಇಲ್ಲವೋ ಹೇಳುತ್ತಿದ್ದರು. ನಾನು ಊರಿಗೆ ಹೋದಾಗಲೆಲ್ಲ ಅದೇ ಗೆಣ್ಣಿನಿಂದ ನನ್ನ ಬೆನ್ನು ತಟ್ಟಿ, ‘ತೆಳ್ಳಗಾಗಿದ್ದೀಯ’ ಎನ್ನುತ್ತಿದ್ದರು.

ಕರೆಯ ವಿಷಯ. ನನ್ನದೂ ಒಂದು ಇದೆ. ಪಾಳಿಯಲ್ಲಿದ್ದಾಗ ಬಂದ ಕರೆ, ನಾನು ಎತ್ತಲಿಲ್ಲ, ಮರುದಿನ ಅವರಿಗೆ ಮಾತನಾಡುವ ಶಕ್ತಿ ಇರಲಿಲ್ಲ. ಬಹಳ ಕಾಲ ಅದೊಂದೇ ನನ್ನ ತಲೆಯಲ್ಲಿತ್ತು. ಆಮೇಲೆ ನಮ್ಮ ಚರ್ಚಿನ ಪಾದ್ರಿಯೊಬ್ಬರು, ಉಳಿದ ಕರೆಗಳೆಲ್ಲ ಎಲ್ಲಿ ಹೋದವು ಎಂದು ಕೇಳಿದರು. ನೀವೂ ಲೆಕ್ಕ ಹಾಕಿ ನೋಡಿ. ಎಂಟು ವರ್ಷ, ದಿನಕ್ಕೊಂದರಂತೆ ಎಂದರೆ ಎರಡು ಸಾವಿರದ ಒಂಬೈನೂರಕ್ಕೂ ಹೆಚ್ಚು ಕರೆಗಳು. ಅಷ್ಟನ್ನೂ ನೀವು ಎತ್ತಿದ್ದೀರಿ, ಅಜ್ಜಿಗೆ ಗೊತ್ತಿದ್ದ ಮೊಮ್ಮಗಳು ಅವಳು. ಒಂದು ರಾತ್ರಿ ಕರೆ ಕಡಿದದ್ದಕ್ಕೆ ಅವರು ಬೇರೇನಾದರೂ ಅರ್ಥ ಮಾಡಿಕೊಂಡಿರುತ್ತಾರೆ ಎಂದು ನನಗೆ ಅನ್ನಿಸುವುದಿಲ್ಲ. ಆದರೂ ನನ್ನ ಮಾತು ಬೇಡ. ಆ ರಾತ್ರಿ ಮನೆಯಲ್ಲಿ ಇದ್ದವರು ಮಾವ ತಾನೇ? ಕರೆ ಕಟ್ ಆದಾಗ ಅಜ್ಜಿ ಏನೆಂದರು ಎಂದು ಅವರನ್ನೇ ಕೇಳಿ. ಕೇಳಲು ಹೆದರಿಕೆಯಾಗುತ್ತದೆ, ನನಗೂ ಆಗಿತ್ತು.

ಇನ್ನೊಂದು ಕೆಲಸವನ್ನು ಇವತ್ತೇ ಮಾಡಿ. ಅಜ್ಜಿಯ ಸಿಮ್ ಇನ್ನೂ ಇದ್ದರೆ ಅದಕ್ಕೆ ರೀಚಾರ್ಜ್ ಹಾಕಿಸಿ; 90 ದಿನ ಬಳಕೆಯೇ ಇಲ್ಲದಿದ್ದರೆ ಸಂಖ್ಯೆಯನ್ನು ನಿಲ್ಲಿಸಿ, ಮುಂದೆ ಬೇರೆಯವರಿಗೆ ಕೊಡುತ್ತಾರೆ. ನಿಮಗೆ ಮೂರು ತಿಂಗಳಾಗುತ್ತಾ ಬಂದಿದೆ. ಅವರ ಧ್ವನಿ ಸಂದೇಶಗಳು ನಿಮ್ಮ ಫೋನಿನಲ್ಲಿದ್ದರೆ ಅಲ್ಲಿಂದ ತೆಗೆದು ಕನಿಷ್ಠ ಎರಡು ಕಡೆ ಉಳಿಸಿಡಿ. ನನ್ನ ಬಳಿ ಶಾಪಾಯ್ ಧ್ವನಿ ಹನ್ನೊಂದು ಸೆಕೆಂಡು ಇದೆ, ಮಳೆ ಬಂತೆಂದು ಹೇಳುತ್ತಾರೆ, ಅಷ್ಟೇ. ಪ್ರತಿ ವರ್ಷ ನವೆಂಬರ್ 2ರಂದು, ನಮ್ಮಲ್ಲಿ ಮೃತರನ್ನೆಲ್ಲ ಸ್ಮರಿಸುವ ದಿನ, ಮನೆಯವರು ಸಮಾಧಿಗೆ ಹೂವಿಟ್ಟು ಮೇಣದಬತ್ತಿ ಹಚ್ಚುವ ಹೊತ್ತಿಗೆ ನಾನಿಲ್ಲಿ ಅದನ್ನು ಕೇಳುತ್ತೇನೆ. ಉಳಿದ ದಿನಗಳಲ್ಲಿ ಕೇಳುವುದಿಲ್ಲ, ನನಗೆ ಹಾಗೆ ಒಂದು ದಿನ ಗೊತ್ತು ಮಾಡಿಕೊಂಡದ್ದು ಹಗುರವಾಯಿತು.

ಉತ್ತರ: ಕುರ್ಕಾಲಿನ ಹೂವಿನವಳು

ನಮ್ಮ ಮನೆಯಲ್ಲಿಯೂ ಮಲ್ಲಿಗೆಯೇ ಬದುಕು. ಅತ್ತೆ ತೀರಿಕೊಂಡ ಮೇಲೆ ಅವರು ನೆಟ್ಟ ಗಿಡಗಳನ್ನು ನಾನು ನೋಡಿಕೊಳ್ಳುತ್ತಿದ್ದೇನೆ, ಹಾಗಾಗಿ ಗಿಡದ ವಿಷಯ ಮಾತ್ರ ಹೇಳುತ್ತೇನೆ.

ಮಾವನವರ ಮೇಲೆ ಬೇಸರಿಸಬೇಡಿ. ದಿನವೂ ಸೂರ್ಯ ಹುಟ್ಟುವ ಮೊದಲು ಅರವತ್ತು ಗಿಡ ಕೊಯ್ಯುವುದೆಂದರೆ ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ನಿಮ್ಮ ಅಜ್ಜಿ ಆ ವಯಸ್ಸಿನಲ್ಲಿ ಮಾಡಿದರೆಂದರೆ ಅದು ಅವರ ಅಭ್ಯಾಸದ ಬಲ. ಕೊಯ್ಯದೆ ಬಿಟ್ಟರೆ ಗಿಡವೂ ಚೆನ್ನಾಗಿರುವುದಿಲ್ಲ. ಆದರೆ ಎಲ್ಲವನ್ನೂ ತೆಗೆಸುವ ಅಗತ್ಯವಿಲ್ಲ. ಮನೆಯ ಮೆಟ್ಟಿಲ ಹತ್ತಿರದ ಹತ್ತು ಹನ್ನೆರಡು ಗಿಡ ಉಳಿಸಿಕೊಂಡರೆ ಮನೆಗೆ, ದೇವರಿಗೆ, ಹಬ್ಬಕ್ಕೆ ಸಾಕಾಗುತ್ತದೆ. ಉಳಿದದ್ದನ್ನು ಪಾಲಿಗೆ ಕೊಯ್ಯುವವರು ಸಿಕ್ಕರೆ ಕೊಡಬಹುದು, ನಾನೂ ವಿಚಾರಿಸುತ್ತೇನೆ.

ಮುಖ್ಯವಾದ ಮಾತು ಇದು. ಮಲ್ಲಿಗೆ ಗೆಲ್ಲಿನಿಂದಲೇ, ಅಂದರೆ ಕೊಂಬೆಯ ತುಂಡಿನಿಂದಲೇ, ಬೆಳೆಯುವ ಗಿಡ, ಅದಕ್ಕೆ ಈಗಿನ ಮಳೆಗಾಲವೇ ಸರಿಯಾದ ಹೊತ್ತು. ತೀರ ಎಳೆಯದೂ ಅಲ್ಲದ, ಒಣಗಿ ಗಟ್ಟಿಯಾದದ್ದೂ ಅಲ್ಲದ ಗೆಲ್ಲನ್ನು ಮೂರು ನಾಲ್ಕು ಗಂಟುಗಳಿರುವಂತೆ ಕತ್ತರಿಸಿ, ಕೆಳಗಿನ ಎಲೆಗಳನ್ನು ತೆಗೆದು, ಎರಡು ಗಂಟು ಮಣ್ಣಿನೊಳಗೆ ಹೋಗುವಂತೆ ಊರಬೇಕು. ಒಂದೆರಡು ಸತ್ತರೂ ಉಳಿದವು ಹಿಡಿಯುತ್ತವೆ. ಇಲ್ಲಿ ತಾರಸಿಯ ಮೇಲೆ ಕುಂಡದಲ್ಲಿ ಬೆಳೆಸುವವರು ಬೇಕಾದಷ್ಟು ಜನರಿದ್ದಾರೆ. ಬೆಂಗಳೂರಿನಲ್ಲಿ ನಿಮ್ಮ ಮನೆಗೆ ಬಿಸಿಲು ಬೀಳುವ ಜಾಗವಿದ್ದರೆ ಅಲ್ಲಿಯೂ ಬರುತ್ತದೆ, ನಮ್ಮೂರಿನಷ್ಟು ಹೂವು ಬಿಡುತ್ತದೆ ಎಂದು ಮಾತ್ರ ಹೇಳಲಾರೆ.

ಅಜ್ಜಿಯ ಸೀರೆಗಳನ್ನು ಪೆಟ್ಟಿಗೆಯಲ್ಲಿ ಕಟ್ಟಿಡಬೇಡಿ, ಈ ಮಳೆಗೆ ಬೂಷ್ಟು ಹಿಡಿಯುತ್ತದೆ. ನಿಮಗೊಂದು, ಅಮ್ಮನಿಗೊಂದು ಇಟ್ಟುಕೊಂಡು ಉಳಿದದ್ದನ್ನು ಉಡುವವರಿಗೆ ಕೊಡಿ. ನಾನು ಅತ್ತೆಯ ಸೀರೆಗಳನ್ನು ಇಟ್ಟು ಹಾಳು ಮಾಡಿದವಳು, ಅದರಿಂದ ಹೇಳುತ್ತಿದ್ದೇನೆ.

ಇನ್ನಂಜೆಯ ಮೊಮ್ಮಗಳು

ನಿನ್ನೆ ರಾತ್ರಿ ಮಾವನಿಗೆ ಕರೆ ಮಾಡಿದೆ. ಸಿಮ್ ಇನ್ನೂ ಚಾಲ್ತಿಯಲ್ಲಿದೆ, ರೀಚಾರ್ಜ್ ಹಾಕಿಸಿದ್ದೇನೆ. ಅತ್ತೆ ಕಲಿಸಿಕೊಟ್ಟ ಮೇಲೆ ಅಜ್ಜಿ ಕಳುಹಿಸಿದ್ದ ಮೂರು ಧ್ವನಿ ಸಂದೇಶಗಳನ್ನು ಉಳಿಸಿಟ್ಟಿದ್ದೇನೆ, ಕೇಳುವ ಧೈರ್ಯ ಇನ್ನೂ ಬಂದಿಲ್ಲ.

ಕೊನೆಗೆ ಆ ರಾತ್ರಿಯ ಮಾತನ್ನೂ ಕೇಳಿದೆ. ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: ಕರೆ ಕಟ್ ಆದಾಗ ಅಜ್ಜಿ ಫೋನನ್ನು ಸೆರಗಿನಿಂದ ಒರೆಸಿ ಗೂಡಿನಲ್ಲಿಟ್ಟು, ‘ಕೆಲಸದಲ್ಲಿರಬೇಕು, ಊಟ ಮಾಡಿರುತ್ತಾಳೆ’ ಎಂದರಂತೆ. ಬಾಳೆನಾರು ನೆನೆ ಹಾಕಿದ್ದೀರಾ ಎಂದು ಅತ್ತೆಯನ್ನು ಕೇಳಿ, ಹೋಗಿ ಮಲಗಿದರಂತೆ. ಇದನ್ನು ಹೇಳುವಾಗ ಮಾವನ ಗಂಟಲು ಕಟ್ಟಿತು. ಉತ್ತರಕ್ರಿಯೆಯ ದಿನ ಬಂದವರಿಗೆಲ್ಲ ‘ತುಂಬು ಜೀವನ’ ಎಂದು ತಾವೇ ಹೇಳುತ್ತಾ ಓಡಾಡುತ್ತಿದ್ದವರು ಅವರು. ಆ ನಾರು ಬೆಳಿಗ್ಗೆ ಪಾತ್ರೆಯಲ್ಲಿ ಹಾಗೆಯೇ ಇತ್ತು, ಚೆಲ್ಲಲು ತಮ್ಮಿಂದಾಗಲಿಲ್ಲ, ಒಣಗಿಸಿ ಸೂರಿಗೆ ಸಿಕ್ಕಿಸಿಟ್ಟಿದ್ದೇನೆ ಎಂದರು. ಅವರೂ ಇದನ್ನು ಯಾರಿಗೂ ಹೇಳಿರಲಿಲ್ಲ. ಅಮ್ಮನಿಗೆ ನಾನೇ ಹೇಳಬೇಕು, ಈ ಭಾನುವಾರ ಹೇಳುತ್ತೇನೆ.

ಗಿಡಗಳಲ್ಲಿ ಹನ್ನೆರಡನ್ನು ಉಳಿಸಲು ಒಪ್ಪಿದ್ದಾರೆ. ಆಟಿಯಲ್ಲಿ, ಅಂದರೆ ತುಳುವಿನ ಮಳೆಗಾಲದ ತಿಂಗಳಿನಲ್ಲಿ, ಅಜ್ಜಿಗೆ ಅಗೆಲು (ಹೋದವರಿಗೆ ಇಡುವ ಎಡೆ) ಬಳಸುವ ದಿನ ನಾನೂ ಊರಿನಲ್ಲಿರುತ್ತೇನೆ. ಎಲೆಗೆ ಏನೇನು ಬಳಸಬೇಕು ಎಂದು ಮಾವ ನನ್ನನ್ನೇ ಕೇಳಿದರು. ಕುಚ್ಚಲಕ್ಕಿ ಅನ್ನ, ಪತ್ರೊಡೆ ಇರಲೇಬೇಕು ಎಂದೆ. ಅಜ್ಜಿಗೆ ಬಂಗುಡೆಯೆಂದರೆ ಪ್ರಾಣ, ಆದರೆ ಜುಲೈ ಕೊನೆಯವರೆಗೆ ಬೋಟುಗಳು ಕಡಲಿಗೆ ಇಳಿಯುವುದಿಲ್ಲ, ಸಿಗದಿದ್ದರೆ ಒಣಮೀನಿನ ಚಟ್ನಿಯಾದರೂ ಆಗಬೇಕು ಎಂದು ಹೇಳಿದ್ದೇನೆ.

ಕುರ್ಕಾಲಿನ ಅಕ್ಕಾ, ಮುಂದಿನ ಶುಕ್ರವಾರ ರಾತ್ರಿಯ ಬಸ್ಸಿಗೆ ಹೊರಡುತ್ತೇನೆ. ಗೆಲ್ಲು ಕತ್ತರಿಸುವುದನ್ನು ಒಮ್ಮೆ ತೋರಿಸಿಕೊಡುತ್ತೀರಾ? ಎಣಿಸುವುದು ನನಗೆ ಬರುತ್ತದೆ. ಕಟ್ಟುವುದನ್ನು ಮಾತ್ರ ಅಜ್ಜಿಯಿಂದ ಕಲಿಯಲೇ ಇಲ್ಲ, ನಾರನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಎಡಗೈಯಲ್ಲಿ ಅದೇನೋ ಒಂದು ಸುತ್ತು ಹಾಕುತ್ತಿದ್ದರು.

ಕುರ್ಕಾಲಿನ ಹೂವಿನವಳು

ಶನಿವಾರ ಬಸ್ಸಿಳಿದವರು ನೇರವಾಗಿ ನಮ್ಮ ಮನೆಗೇ ಬನ್ನಿ, ಚಾ ಕುಡಿದು ಒಟ್ಟಿಗೆ ನಿಮ್ಮ ಅಜ್ಜಿಯ ಮನೆಗೆ ಹೋಗೋಣ. ಕತ್ತಿ ನನ್ನಲ್ಲಿದೆ. ಮಣ್ಣು ತುಂಬಿದ ಎರಡು ಕುಂಡ ಸಿದ್ಧವಾಗಿರಲಿ ಎಂದು ಮಾವನಿಗೆ ಹೇಳಿಡಿ, ಕತ್ತರಿಸಿದ ಗೆಲ್ಲನ್ನು ಅಂದೇ ಊರಬೇಕು. ಮಳೆಗೆ ಈಗ ಹೂವು ಕಡಿಮೆ, ಆದರೂ ಕೈಗೆ ಸಿಕ್ಕಿದಷ್ಟು ಮೊಗ್ಗು ಕೊಯ್ದು ಇಡುತ್ತೇನೆ. ಹಲ್ಲಿನಲ್ಲಿ ಕಚ್ಚಿ ಕಟ್ಟುವ ಕ್ರಮ ನಮ್ಮ ಅತ್ತೆಯದೂ ಆಗಿತ್ತು, ನನಗೆ ಬರುತ್ತದೆ.